ಪಟ್ಟಿ ದೊಡ್ಡದು, ಸಂಪುಟ ಚಿಕ್ಕದು

1948ರ ಡಿಸೆಂಬರ್ ಕೊನೆಯಲ್ಲಿ ಸಂವಿಧಾನ ಸಭೆ ಮಂತ್ರಿಮಂಡಲದ ವಿಧಿಗಳನ್ನು ಚರ್ಚೆಗೆ ಎತ್ತಿಕೊಂಡಿತು. ಮಂತ್ರಿಗಳನ್ನು ಪ್ರಧಾನಿಯೇ ಯಾಕೆ ಆರಿಸಬೇಕು, ಸದನದ ಸದಸ್ಯರೇ ಪ್ರಮಾಣಾನುಗುಣ ಪ್ರಾತಿನಿಧ್ಯದ ಮತದಾನದಿಂದ ಆರಿಸಲಿ ಎಂಬ ತಿದ್ದುಪಡಿಯೂ ಸಭೆಯ ಮುಂದಿತ್ತು. ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಮಂತ್ರಿಮಂಡಲದ ಸಾಮೂಹಿಕ ಹೊಣೆಗಾರಿಕೆಯನ್ನು ಬರೀ ಕಾನೂನಿನಿಂದ ಕಾಪಾಡಲಾಗದು, ಅದನ್ನು ಕಾಪಾಡಬಲ್ಲವರು ಪ್ರಧಾನಿ ಒಬ್ಬರೇ ಎಂಬುದು ಅವರ ವಾದ. ಪ್ರಧಾನಿಯ ಸಲಹೆಯಿಲ್ಲದೆ ಯಾರೂ ಮಂತ್ರಿಯಾಗಬಾರದು, ಪ್ರಧಾನಿ ಬೇಡವೆಂದವರು ಮಂತ್ರಿಯಾಗಿ ಉಳಿಯಬಾರದು. ಸಭೆ ಈ ವಾದಕ್ಕೆ ತಲೆದೂಗಿತು.

ಮೂರು ವರ್ಷ ತುಂಬುವ ಮೊದಲೇ, 1951ರ ಸೆಪ್ಟೆಂಬರ್‌ನಲ್ಲಿ, ಅದೇ ಅಂಬೇಡ್ಕರ್ ನೆಹರೂ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಹಿಂದೂ ಸಂಹಿತೆ ಮಸೂದೆಯನ್ನು ಕೈಬಿಟ್ಟದ್ದು ಅದಕ್ಕೆ ಕಾರಣವೆಂದು ಎಲ್ಲರಿಗೂ ಗೊತ್ತು. ಆದರೆ ಅವರು ಹೊರಡಿಸಿದ ಹೇಳಿಕೆಯಲ್ಲಿ ಇನ್ನೊಂದು ದೂರೂ ಇತ್ತು, ಅದು ಅಷ್ಟಾಗಿ ಯಾರ ಬಾಯಲ್ಲೂ ಉಳಿಯಲಿಲ್ಲ. ಕಾನೂನು ಖಾತೆ ಬಿಟ್ಟರೆ ಬೇರೇನೂ ತಮಗೆ ಸಿಗಲಿಲ್ಲ, ವಿದೇಶಾಂಗ ಮತ್ತು ರಕ್ಷಣಾ ಸಮಿತಿಗಳಲ್ಲಿ ತಮ್ಮನ್ನು ಸೇರಿಸಿಕೊಳ್ಳಲಿಲ್ಲ, ಸಮಿತಿಗಳು ಮೊದಲೇ ಮಾಡಿಕೊಂಡ ತೀರ್ಮಾನಗಳನ್ನು ದಾಖಲು ಮಾಡುವ ಕಚೇರಿಯಾಗಿ ಸಂಪುಟ ಉಳಿದಿದೆ ಎಂದು ಅವರು ಬರೆದಿದ್ದರು.

ಪ್ರಧಾನಿಗೆ ಆಯ್ಕೆಯ ಪೂರ್ಣ ಸ್ವಾತಂತ್ರ್ಯ ಬೇಕೆಂದು ವಾದಿಸಿದವರೇ ಆ ಸ್ವಾತಂತ್ರ್ಯದ ಇನ್ನೊಂದು ಮುಖವನ್ನು ಕಂಡು ಹೊರಬಂದರು. ಕೇಂದ್ರದಲ್ಲಿ ಚುನಾವಣೆಯ ನಂತರ ಸಂಪುಟ ರಚನೆಯಾದ ಇಷ್ಟೂ ವರ್ಷಗಳ ಕಥೆಯನ್ನು ಈ ಎರಡು ತುದಿಗಳ ನಡುವೆ ಇಟ್ಟು ಓದಬಹುದು. ಮೈತ್ರಿ ಸರ್ಕಾರಗಳ ಕಾಲದಲ್ಲಿ ಮಂತ್ರಿಗಳ ಆಯ್ಕೆ ಪ್ರಧಾನಿಯ ಕೈಜಾರಿ ಮಿತ್ರಪಕ್ಷಗಳ ಮನೆಗೆ ಹೋಯಿತು. ಬಹುಮತದ ಸರ್ಕಾರಗಳ ಕಾಲದಲ್ಲಿ ಆಯ್ಕೆ ಪ್ರಧಾನಿಯಲ್ಲೇ ಉಳಿಯಿತು, ತೀರ್ಮಾನ ಮಾತ್ರ ಸಂಪುಟದ ಕೈಬಿಟ್ಟಿತು. ಎರಡೂ ಕಾಲದಲ್ಲಿ ಸೊರಗಿದ್ದು ಸಂಪುಟವೇ. ಮಂತ್ರಿಗಳ ಪಟ್ಟಿ ಮಾತ್ರ ಬೆಳೆಯುತ್ತಲೇ ಹೋಯಿತು.

ಸಂವಿಧಾನ ಹೇಳುವುದು ಎಷ್ಟು?

ಸಂವಿಧಾನದ 75ನೇ ವಿಧಿ ಇದನ್ನೆಲ್ಲ ಕೆಲವೇ ಸಾಲುಗಳಲ್ಲಿ ಮುಗಿಸುತ್ತದೆ. ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸುತ್ತಾರೆ, ಉಳಿದ ಮಂತ್ರಿಗಳನ್ನು ಪ್ರಧಾನಿಯ ಸಲಹೆಯಂತೆ ನೇಮಿಸುತ್ತಾರೆ. ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ. ಸಂಸತ್ತಿನ ಸದಸ್ಯರಲ್ಲದವರು ಮಂತ್ರಿಯಾಗಬಹುದು, ಆದರೆ ಆರು ತಿಂಗಳೊಳಗೆ ಯಾವುದಾದರೂ ಒಂದು ಸದನಕ್ಕೆ ಆಯ್ಕೆಯಾಗಬೇಕು. ಯಾರನ್ನು ಪ್ರಧಾನಿಯಾಗಿ ಕರೆಯಬೇಕು, ಬಹುಮತ ಯಾರಿಗೂ ಬಾರದಿದ್ದರೆ ಏನು ಮಾಡಬೇಕು, ಎಷ್ಟು ದಿನದಲ್ಲಿ ಸರ್ಕಾರ ರಚನೆಯಾಗಬೇಕು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಉಪಪ್ರಧಾನಿ ಎಂಬ ಹುದ್ದೆಯ ಸುಳಿವೂ ಇಲ್ಲ. 1989ರ ಡಿಸೆಂಬರ್‌ನಲ್ಲಿ ದೇವಿಲಾಲ್ ಪ್ರಮಾಣವಚನ ಓದುವಾಗ ಮತ್ತೆ ಮತ್ತೆ ಉಪಪ್ರಧಾನಿ ಎಂದೇ ಹೇಳಿಕೊಂಡರು. ರಾಷ್ಟ್ರಪತಿ ಆರ್. ವೆಂಕಟರಾಮನ್ ತಿದ್ದಿದರೂ ಕೇಳಲಿಲ್ಲ. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದು ಬರೀ ವರ್ಣನೆ, ಕಾನೂನಿನ ಕಣ್ಣಿಗೆ ಅವರು ಉಳಿದವರಂತೆ ಒಬ್ಬ ಮಂತ್ರಿ ಎಂದು ಕೋರ್ಟು ಹೇಳಿತು.

ವಿಧಿ ಬಿಟ್ಟ ಜಾಗವನ್ನು ರೂಢಿ ತುಂಬಿದೆ. ಫಲಿತಾಂಶ ಬಂದ ಮೇಲೆ ಹಳೆಯ ಸಂಪುಟ ಸೇರಿ ಲೋಕಸಭೆಯ ವಿಸರ್ಜನೆಗೆ ಶಿಫಾರಸು ಮಾಡುತ್ತದೆ. ಪ್ರಧಾನಿ ರಾಜೀನಾಮೆ ಸಲ್ಲಿಸುತ್ತಾರೆ, ಬೇರೆ ವ್ಯವಸ್ಥೆಯಾಗುವ ತನಕ ಮುಂದುವರಿಯಿರಿ ಎಂದು ರಾಷ್ಟ್ರಪತಿ ಹೇಳುತ್ತಾರೆ. ಗೆದ್ದವರ ಪಟ್ಟಿಯನ್ನು ಚುನಾವಣಾ ಆಯೋಗ ರಾಷ್ಟ್ರಪತಿಗೆ ಒಪ್ಪಿಸುತ್ತದೆ. ಗೆದ್ದ ಪಕ್ಷದ ಸಂಸದೀಯ ಪಕ್ಷ ನಾಯಕನನ್ನು ಆರಿಸುತ್ತದೆ, ಮಿತ್ರರಿದ್ದರೆ ಅವರ ಬೆಂಬಲ ಪತ್ರಗಳೂ ಜೊತೆಗೆ ಹೋಗುತ್ತವೆ. ಆಮೇಲೆ ಆಹ್ವಾನ, ಪ್ರಮಾಣವಚನ, ಖಾತೆ ಹಂಚಿಕೆ. ಪ್ರತಿ ಮಂತ್ರಿಯೂ ಅಧಿಕಾರದ ಪ್ರಮಾಣ ಒಂದು, ಗೋಪ್ಯತೆಯ ಪ್ರಮಾಣ ಇನ್ನೊಂದು ಸ್ವೀಕರಿಸಬೇಕು. 2024ರಲ್ಲಿ ಜೂನ್ 4ಕ್ಕೆ ಫಲಿತಾಂಶ, 9ಕ್ಕೆ ಪ್ರಮಾಣವಚನ, 10ಕ್ಕೆ ಖಾತೆ ಹಂಚಿಕೆ; ಆರು ದಿನದಲ್ಲಿ ಎಲ್ಲವೂ ಮುಗಿದಿತ್ತು.

ಹೊರಗಿನ ಲೋಕಕ್ಕೆ ಈ ವೇಗ ಅಚ್ಚರಿಯದು. 2010ರ ಜೂನ್‌ನಲ್ಲಿ ಮತ ಹಾಕಿದ ಬೆಲ್ಜಿಯಂಗೆ ಹೊಸ ಸರ್ಕಾರ ಸಿಗಲು 541 ದಿನ ಬೇಕಾಯಿತು. ನೆದರ್ಲೆಂಡ್ಸ್‌ನಲ್ಲಿ 2021ರ ಚುನಾವಣೆಯ ನಂತರ 299 ದಿನ ಹಿಡಿಯಿತು. ನಮ್ಮಲ್ಲಿ ಕೆಲಸ ಬೇಗ ಮುಗಿಯುತ್ತದೆ, ಯಾಕೆಂದರೆ ಮಾತುಕತೆ ಸಂಖ್ಯೆ ಮತ್ತು ಖಾತೆಗಳ ಸುತ್ತಲೇ ನಡೆಯುತ್ತದೆ. ಸರ್ಕಾರ ಏನು ಮಾಡಬೇಕು ಎಂಬ ಚರ್ಚೆಯನ್ನು ಪ್ರಮಾಣವಚನದ ಆಚೆಗೆ ತಳ್ಳಲಾಗುತ್ತದೆ.

ರಾಷ್ಟ್ರಪತಿ ಭವನದ ಲೆಕ್ಕ

ಒಂದೇ ಪಕ್ಷಕ್ಕೆ ಬಹುಮತ ಬಂದಾಗ ರಾಷ್ಟ್ರಪತಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. 1952ರ ಮೊದಲ ಚುನಾವಣೆಯಲ್ಲಿ 489ರಲ್ಲಿ 364 ಸ್ಥಾನ ಗೆದ್ದ ಕಾಂಗ್ರೆಸ್ಸಿನ ನಾಯಕನನ್ನು ಕರೆಯಲು ಯೋಚಿಸಬೇಕಾದದ್ದೇನೂ ಇರಲಿಲ್ಲ. ಸಂಖ್ಯೆ ಚದುರಿದಾಗ ತೊಡಕು ಶುರುವಾಗುತ್ತದೆ.

1979ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಕುಸಿದಾಗ ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿ ಚರಣ್ ಸಿಂಗ್ ಅವರನ್ನು ಕರೆದರು. ಜುಲೈ 28ರಂದು ಪ್ರಮಾಣವಚನವಾಯಿತು. ಇಂದಿರಾ ಕಾಂಗ್ರೆಸ್ ಬೆಂಬಲ ಹಿಂತೆಗೆದದ್ದರಿಂದ ಲೋಕಸಭೆಯ ಮುಖ ನೋಡುವ ಮೊದಲೇ ಆಗಸ್ಟ್ 20ರಂದು ಅವರು ರಾಜೀನಾಮೆ ಕೊಡಬೇಕಾಯಿತು. 1989ರಲ್ಲಿ ವೆಂಕಟರಾಮನ್ ಸರಳ ದಾರಿ ಹಿಡಿದರು: ಮೊದಲು ಅತಿ ದೊಡ್ಡ ಪಕ್ಷ. 197 ಸ್ಥಾನಗಳಿದ್ದ ಕಾಂಗ್ರೆಸ್ಸಿನ ರಾಜೀವ್ ಗಾಂಧಿ ಸರ್ಕಾರ ರಚನೆಗೆ ಮುಂದಾಗಲಿಲ್ಲ. ಜನತಾದಳದ ವಿ.ಪಿ. ಸಿಂಗ್ ಒಂದು ಕಡೆ ಬಿಜೆಪಿ, ಇನ್ನೊಂದು ಕಡೆ ಎಡಪಕ್ಷಗಳ ಬಾಹ್ಯ ಬೆಂಬಲದೊಂದಿಗೆ ಪ್ರಧಾನಿಯಾದರು.

1996ರಲ್ಲಿ ರಾಷ್ಟ್ರಪತಿ ಶಂಕರ್ ದಯಾಳ್ ಶರ್ಮಾ ಇದೇ ಸೂತ್ರ ಅನುಸರಿಸಿ 161 ಸ್ಥಾನ ಗೆದ್ದ ಬಿಜೆಪಿಯ ಅಟಲ್ ಬಿಹಾರಿ ವಾಜಪೇಯಿ ಅವರನ್ನು ಕರೆದರು. ಆ ಸರ್ಕಾರಕ್ಕೆ ಬೆಂಬಲ ಹುಡುಕಲು ಆಗಲಿಲ್ಲ, ಹದಿಮೂರೇ ದಿನಕ್ಕೆ ರಾಜೀನಾಮೆ. ಅದರ ಪಾಠ ಮುಂದಿನ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರಿಗೆ ತಲುಪಿರಬೇಕು. 1998ರಲ್ಲಿ ದೊಡ್ಡ ಪಕ್ಷ ಎಂಬುದಷ್ಟೇ ಸಾಲದು, ಬೆಂಬಲಿಸುವವರ ಪತ್ರ ತನ್ನಿ ಎಂದು ಅವರು ವಾಜಪೇಯಿ ಅವರಿಗೆ ಹೇಳಿದರು. ಜಯಲಲಿತಾ ಅವರ ಪತ್ರಕ್ಕಾಗಿ ದೆಹಲಿ ದಿನಗಟ್ಟಲೆ ಕಾಯಿತು. ಮಾರ್ಚ್ 19ಕ್ಕೆ ಪ್ರಮಾಣವಚನವಾಯಿತು, ತಿಂಗಳ ಕೊನೆಗೆ ವಿಶ್ವಾಸಮತವೂ ಸಿಕ್ಕಿತು. ತಾವು ಈ ನಿರ್ಧಾರಕ್ಕೆ ಹೇಗೆ ಬಂದೆವೆಂದು ನಾರಾಯಣನ್ ಪ್ರಕಟಣೆಯ ಮೂಲಕ ದೇಶಕ್ಕೆ ವಿವರಿಸಿದರು. ರಾಷ್ಟ್ರಪತಿಯ ವಿವೇಚನೆ ಹೀಗೆ ಲಿಖಿತ ಕಾರಣಗಳೊಂದಿಗೆ ಹೊರಬಂದದ್ದು ಒಳ್ಳೆಯ ಮೇಲ್ಪಂಕ್ತಿ.

ಬಹುಮತ ಯಾರಿಗಿದೆ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು ಎಂಬ ಇಂದಿನ ನಿಯಮದ ಹಿಂದೆ ಕರ್ನಾಟಕದ ಹೆಸರೊಂದಿದೆ. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1994ರಲ್ಲಿ ಕೊಟ್ಟ ತೀರ್ಪು ಅದು. ರಾಜ್ಯಪಾಲರ ವಿಷಯದಲ್ಲಿ ಬಂದ ತೀರ್ಪಾದರೂ ರಾಜಭವನದ ಅಂದಾಜಿಗಿಂತ ಸದನದ ಎಣಿಕೆ ದೊಡ್ಡದು ಎಂಬ ಮಾತು ದೆಹಲಿಯ ರೂಢಿಯನ್ನೂ ಗಟ್ಟಿ ಮಾಡಿತು.

ಪಟ್ಟಿ ತಯಾರಾಗುವ ಬಗೆ

ಪ್ರಧಾನಿ ಗೊತ್ತಾದ ಮೇಲಿನ ಕೆಲಸ ಪಟ್ಟಿಯದು. ರಾಜ್ಯ, ಜಾತಿ, ಧರ್ಮ, ಮಹಿಳೆ, ಹಿರಿತನ, ಪಕ್ಷದೊಳಗಿನ ಬಣ, ಮುಂದೆ ಚುನಾವಣೆ ಬರಲಿರುವ ಊರು, ಇವೆಲ್ಲ ಅದರಲ್ಲಿ ಸೇರಬೇಕು. ಪಟ್ಟಿ ಹೊರಬಿದ್ದ ಮರುದಿನವೇ ಪತ್ರಿಕೆಗಳಲ್ಲಿ ಅತೃಪ್ತರ ಪಟ್ಟಿಯೂ ಬರುತ್ತದೆ.

ಮೊದಲ ಸಂಪುಟದ ಲೆಕ್ಕ ಬೇರೆ ಬಗೆಯದಾಗಿತ್ತು. 1947ರ ಆಗಸ್ಟ್ 15ರಂದು ಪ್ರಮಾಣವಚನ ಸ್ವೀಕರಿಸಿದವರು ನೆಹರೂ ಸೇರಿ 14 ಮಂದಿ. ಕಾಂಗ್ರೆಸ್ಸನ್ನು ಜೀವನವಿಡೀ ಟೀಕಿಸಿದ್ದ ಅಂಬೇಡ್ಕರ್, ಹಿಂದೂ ಮಹಾಸಭೆಯ ಶ್ಯಾಮಪ್ರಸಾದ್ ಮುಖರ್ಜಿ, ಜಸ್ಟಿಸ್ ಪಕ್ಷದಿಂದ ಬಂದಿದ್ದ ಆರ್.ಕೆ. ಷಣ್ಮುಖಂ ಚೆಟ್ಟಿ, ಅಕಾಲಿ ಹಿನ್ನೆಲೆಯ ಬಲದೇವ್ ಸಿಂಗ್ ಅದರಲ್ಲಿದ್ದರು. ಸಂಖ್ಯೆಯ ಒತ್ತಾಯದಿಂದ ಸೇರಿಸಿಕೊಂಡವರಲ್ಲ ಇವರು. ಭಿನ್ನಾಭಿಪ್ರಾಯಕ್ಕೆ ಮೇಜಿನ ಬಳಿಯೇ ಕುರ್ಚಿ ಹಾಕಿದ ಸಂಪುಟ ಅದು. ಅದರಲ್ಲಿ ಹಲವರು ರಾಜೀನಾಮೆ ಕೊಟ್ಟು ಹೊರನಡೆದದ್ದು ಕೂಡ ಒಳಗೆ ನಿಜವಾದ ಚರ್ಚೆ ಇತ್ತು ಎಂಬುದಕ್ಕೆ ಸಾಕ್ಷಿ.

1967ರಲ್ಲಿ ಕಾಂಗ್ರೆಸ್ ಬಹುಮತ 283ಕ್ಕೆ ಇಳಿದಾಗ ಸಂಪುಟ ಪಕ್ಷದೊಳಗಿನ ರಾಜಿಯ ದಾಖಲೆಯಾಯಿತು. ನಾಯಕತ್ವಕ್ಕೆ ಸ್ಪರ್ಧಿಸಲು ಹೊರಟಿದ್ದ ಮೊರಾರ್ಜಿ ದೇಸಾಯಿ ಅವರಿಗೆ ಉಪಪ್ರಧಾನಿ ಪಟ್ಟವನ್ನೂ ಹಣಕಾಸು ಖಾತೆಯನ್ನೂ ಕೊಟ್ಟು ಸಮಾಧಾನ ಮಾಡಲಾಯಿತು. ಎರಡೇ ವರ್ಷಕ್ಕೆ ಆ ರಾಜಿ ಮುರಿಯಿತು. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಎಐಸಿಸಿ ಅಧಿವೇಶನದಲ್ಲಿ ಎಸ್. ನಿಜಲಿಂಗಪ್ಪ ಅಧ್ಯಕ್ಷರಾಗಿದ್ದ ಪಕ್ಷದ ಹಿರಿಯರಿಗೂ ಇಂದಿರಾ ಗಾಂಧಿಯವರಿಗೂ ನಡುವಿನ ಬಿರುಕು ಬಯಲಾಯಿತು. ಅದು ಮುಗಿದ ಕೆಲವೇ ದಿನಕ್ಕೆ, ಜುಲೈ 16ರಂದು, ಮೊರಾರ್ಜಿ ಕೈಯಿಂದ ಹಣಕಾಸು ಖಾತೆ ಹೋಯಿತು. 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅಂಬೇಡ್ಕರ್ ಪ್ರಧಾನಿಗೆ ಕೊಡಿಸಿದ್ದ ಅಧಿಕಾರದ ಹರಿತ ದೇಶಕ್ಕೆ ಆಗ ಪೂರ್ತಿ ತಿಳಿಯಿತು.

1977ರ ಜನತಾ ಸರ್ಕಾರದಲ್ಲಿ ನಾಯಕನ ಆಯ್ಕೆಯನ್ನೇ ಹೊರಗಿನ ಹಿರಿಯರಿಗೆ ಬಿಡಲಾಯಿತು. ಜಯಪ್ರಕಾಶ್ ನಾರಾಯಣ್ ಮತ್ತು ಆಚಾರ್ಯ ಕೃಪಲಾನಿ ಮೊರಾರ್ಜಿ ಹೆಸರನ್ನು ಸೂಚಿಸಿದರು. ಪ್ರಧಾನಿ ಪಟ್ಟದ ಆಸೆಯಲ್ಲಿದ್ದ ಜಗಜೀವನ್ ರಾಮ್ ಮುನಿಸಿಕೊಂಡು ಮೊದಲ ದಿನ ಪ್ರಮಾಣವಚನಕ್ಕೆ ಬರಲಿಲ್ಲ. ಮನವೊಲಿಸಿದ ಮೇಲೆ ಬಂದು ರಕ್ಷಣಾ ಖಾತೆ ವಹಿಸಿಕೊಂಡರು. ಮೂವರು ಪ್ರಧಾನಿ ಆಕಾಂಕ್ಷಿಗಳು ಒಂದೇ ಸಂಪುಟದಲ್ಲಿ ಕೂತ ಸರ್ಕಾರ ಅವಧಿ ಮುಗಿಸಲಿಲ್ಲ ಎಂಬುದರಲ್ಲಿ ಅಚ್ಚರಿಯಿಲ್ಲ.

ಮೈತ್ರಿಕೂಟಗಳ ಯುಗದಲ್ಲಿ ಪಟ್ಟಿಯ ಒಂದು ಭಾಗ ಚೆನ್ನೈ, ಕೋಲ್ಕತ್ತ, ಪಟ್ನಾಗಳಿಂದ ಸಿದ್ಧವಾಗಿ ಬರತೊಡಗಿತು. ಪ್ರಧಾನಿಯ ಸಲಹೆ ಎಂದು ಸಂವಿಧಾನ ಕರೆದದ್ದು ಅಲ್ಲಿ ಬಂದ ಹೆಸರಿಗೆ ಸಹಿ ಹಾಕುವುದಕ್ಕೆ ಇಳಿಯಿತು. 2004ರಲ್ಲಿ ಮಾತು ಕೊಟ್ಟ ಖಾತೆಗಳು ಬರಲಿಲ್ಲವೆಂದು ಡಿಎಂಕೆ ಮಂತ್ರಿಗಳು ಕೆಲವು ದಿನ ಅಧಿಕಾರವನ್ನೇ ವಹಿಸಿಕೊಳ್ಳಲಿಲ್ಲ. 2009ರ ಮೇ 22ರಂದು ಮನಮೋಹನ್ ಸಿಂಗ್ ಜೊತೆ 19 ಮಂದಿ ಮಾತ್ರ ಪ್ರಮಾಣವಚನ ಸ್ವೀಕರಿಸಿದರು. ಡಿಎಂಕೆಯೊಂದಿಗೆ ಖಾತೆ ಕ್ಯಾತೆ ಬಗೆಹರಿದ ಮೇಲೆ 28ರಂದು ಇನ್ನೂ 59 ಮಂದಿ ಸೇರಿದರು. 2019ರಲ್ಲಿ ಬಿಜೆಪಿಗೆ ಸ್ವಂತ ಬಲದಲ್ಲೇ 303 ಸ್ಥಾನ ಬಂದಿದ್ದರಿಂದ ಮಿತ್ರರ ಮಾತಿಗೆ ತೂಕ ಇರಲಿಲ್ಲ. ಒಂದೇ ಸ್ಥಾನ ಎಂದಾಗ ಜೆಡಿಯು ಬೇಡವೆಂದು ಹೊರಗುಳಿಯಿತು. 2024ರಲ್ಲಿ 240ಕ್ಕೆ ಇಳಿದ ಬಿಜೆಪಿಗೆ ಟಿಡಿಪಿಯ 16, ಜೆಡಿಯುನ 12 ಬೇಕಾದವು. ಆದರೂ ಗೃಹ, ರಕ್ಷಣೆ, ಹಣಕಾಸು, ವಿದೇಶಾಂಗ ನಾಲ್ಕೂ ಹಿಂದಿನ ಕೈಗಳಲ್ಲೇ ಉಳಿದವು. ಹಿಂದೆ ಸಂಪುಟ ದರ್ಜೆಯಲ್ಲಿದ್ದ ಪ್ರಫುಲ್ ಪಟೇಲ್ ಅವರಿಗೆ ರಾಜ್ಯ ಸಚಿವ ಸ್ಥಾನ ಹಿಂಬಡ್ತಿಯಾಗುತ್ತದೆಂದು ಅಜಿತ್ ಪವಾರ್ ಬಣದ ಎನ್‌ಸಿಪಿ ಅದನ್ನು ಒಪ್ಪಲಿಲ್ಲ. ಒಬ್ಬ ಮುಸ್ಲಿಂ ಸಚಿವರೂ ಇಲ್ಲದೆ ಆ ಮಂತ್ರಿಮಂಡಲ ಪ್ರಮಾಣವಚನ ಸ್ವೀಕರಿಸಿತು. 72 ಮಂದಿಯಲ್ಲಿ ಮಹಿಳೆಯರು ಏಳೇ.

ಜನ ಸೋಲಿಸಿದವರೂ ಮಂತ್ರಿಯಾಗಬಹುದೇ ಎಂಬ ಪ್ರಶ್ನೆ ಪ್ರತಿ ಸಲ ಏಳುತ್ತದೆ. 2004ರಲ್ಲಿ ಲಾತೂರಿನಲ್ಲಿ ಸೋತ ಶಿವರಾಜ್ ಪಾಟೀಲ್ ಗೃಹ ಸಚಿವರಾದರು. 2014ರಲ್ಲಿ ಅಮೃತಸರದಲ್ಲಿ ಸೋತ ಅರುಣ್ ಜೇಟ್ಲಿ ಹಣಕಾಸು ಮತ್ತು ರಕ್ಷಣೆ ಎರಡನ್ನೂ ಪಡೆದರು. ರಾಜ್ಯಸಭೆ ಇದಕ್ಕೆ ಹಿತ್ತಿಲ ಬಾಗಿಲು ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ಅದೇ ಬಾಗಿಲಿನಿಂದ 1991ರಲ್ಲಿ ಮನಮೋಹನ್ ಸಿಂಗ್, 2019ರಲ್ಲಿ ಎಸ್. ಜೈಶಂಕರ್ ಬಂದರು. ಚುನಾವಣೆ ಗೆಲ್ಲುವ ಚಾಣಾಕ್ಷತೆ ಮತ್ತು ಇಲಾಖೆ ನಡೆಸುವ ತಿಳಿವಳಿಕೆ ಒಬ್ಬರಲ್ಲೇ ಇರಬೇಕೆಂದಿಲ್ಲ ಎಂಬುದನ್ನು ಆರು ತಿಂಗಳ ಅವಕಾಶ ಒಪ್ಪಿಕೊಂಡಿದೆ. ಅದನ್ನು ಎಳೆದಾಡಬಾರದೆಂದು ಸುಪ್ರೀಂ ಕೋರ್ಟು 2001ರಲ್ಲಿ ಗೆರೆ ಹಾಕಿತು: ಆರು ತಿಂಗಳಲ್ಲಿ ಆಯ್ಕೆಯಾಗದೆ ಹೋದವರನ್ನು ಮತ್ತೆ ಮಂತ್ರಿ ಮಾಡಿ ಇನ್ನೊಂದು ಆರು ತಿಂಗಳು ಗಳಿಸುವಂತಿಲ್ಲ. ಅಪರಾಧ ಆರೋಪ ಹೊತ್ತವರ ವಿಷಯದಲ್ಲಿ ಮಾತ್ರ ಕೋರ್ಟು ಹಿಂದೆ ಸರಿಯಿತು. 2014ರ ತೀರ್ಪಿನಲ್ಲಿ ಅದನ್ನು ಪ್ರಧಾನಿಯ ವಿವೇಕಕ್ಕೇ ಬಿಟ್ಟಿತು. ಗಂಭೀರ ಆರೋಪದಲ್ಲಿ 30 ದಿನ ಬಂಧನದಲ್ಲಿದ್ದ ಮಂತ್ರಿ ಹುದ್ದೆ ಕಳೆದುಕೊಳ್ಳಬೇಕೆಂಬ ಸಂವಿಧಾನ ತಿದ್ದುಪಡಿ ಮಸೂದೆಯನ್ನು 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಲಾಯಿತು. ಶಿಕ್ಷೆಗೆ ಮೊದಲೇ ಬಂಧನವನ್ನು ತೀರ್ಪಿನಂತೆ ಕಂಡರೆ ತನಿಖಾ ಸಂಸ್ಥೆಗಳ ಕೈಗೆ ಮಂತ್ರಿಮಂಡಲ ಸಿಕ್ಕೀತು ಎಂಬ ವಿರೋಧವೂ ಜೋರಾಗಿಯೇ ಬಂತು.

ಸಂಖ್ಯೆಗೆ ಕಡಿವಾಣ

14ರಿಂದ ಶುರುವಾದ ಪಟ್ಟಿ ವಾಜಪೇಯಿ ಕಾಲಕ್ಕೆ ಎಪ್ಪತ್ತನ್ನು ದಾಟಿತ್ತು. ಎಲ್ಲರನ್ನೂ ಸಂತೋಷಪಡಿಸಲು ಸುಲಭದ ಉಪಾಯ ಇನ್ನೊಂದು ಕುರ್ಚಿ ಹಾಕುವುದು. ಬೆಂಗಳೂರಿನವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ನೇತೃತ್ವದ ಸಂವಿಧಾನ ಪರಾಮರ್ಶೆ ಆಯೋಗ 2002ರ ವರದಿಯಲ್ಲಿ ಕೆಳಮನೆಯ ಸದಸ್ಯಬಲದ ಶೇ 10ರಷ್ಟು ಮಂತ್ರಿಗಳು ಸಾಕು ಎಂದಿತು. ಸಂಸತ್ತು ಅದನ್ನು ಶೇ 15ಕ್ಕೆ ಏರಿಸಿ 91ನೇ ತಿದ್ದುಪಡಿ ಮಾಡಿತು. 2004ರ ಆರಂಭದಲ್ಲಿ ಅದು ಜಾರಿಗೆ ಬಂತು. 543 ಸದಸ್ಯರ ಸದನಕ್ಕೆ ಅದರಂತೆ 81 ಮಂದಿ. ಮಿತಿ ಎಂದು ಹಾಕಿದ್ದು ಗುರಿಯಾಗಿ ಮಾರ್ಪಡಲು ಹೆಚ್ಚು ಕಾಲ ಬೇಕಾಗಲಿಲ್ಲ. 2009ರಲ್ಲಿ ಪ್ರಧಾನಿ ಸೇರಿ 79. ಕಡಿಮೆ ಸರ್ಕಾರ, ಹೆಚ್ಚು ಆಡಳಿತ ಎಂದು 2014ರಲ್ಲಿ 46ರಿಂದ ಶುರು ಮಾಡಿದ ನರೇಂದ್ರ ಮೋದಿ ಮಂತ್ರಿಮಂಡಲ 2021ರ ಜುಲೈ ವಿಸ್ತರಣೆಯಲ್ಲಿ 78 ಮುಟ್ಟಿತು. 2024ರಲ್ಲಿ 72.

ಈ 72ರಲ್ಲಿ ಸಂಪುಟ ಸಭೆಗೆ ಕೂರುವವರು ಪ್ರಧಾನಿ ಮತ್ತು 30 ಮಂದಿ ಸಂಪುಟ ದರ್ಜೆಯವರು. ಸ್ವತಂತ್ರ ಹೊಣೆಯ ರಾಜ್ಯ ಸಚಿವರು ಐವರು, ಉಳಿದ ರಾಜ್ಯ ಸಚಿವರು 36. ಮೂಲ ಸಂವಿಧಾನದಲ್ಲಿ ಈ ದರ್ಜೆಗಳಿರಲಿಲ್ಲ. ಎನ್. ಗೋಪಾಲಸ್ವಾಮಿ ಅಯ್ಯಂಗಾರ್ 1949ರಲ್ಲಿ ಕೊಟ್ಟ ಆಡಳಿತ ಪುನರ್ರಚನೆಯ ವರದಿ ಅದಕ್ಕೆ ದಾರಿ ಮಾಡಿತು. ಹಿರಿಯ ಮಂತ್ರಿಯ ಹೊರೆ ಇಳಿಸುವುದು, ಹೊಸಬರನ್ನು ಪಳಗಿಸುವುದು ಉದ್ದೇಶ. ಈಗ ಹೆಚ್ಚಿನ ರಾಜ್ಯ ಸಚಿವರ ಪಾಡೇನೆಂಬುದು ದೆಹಲಿಯಲ್ಲಿ ಗುಟ್ಟಾಗಿ ಉಳಿದಿಲ್ಲ. ಯಾವ ಕಡತ ಅವರ ಮೇಜಿಗೆ ಬರಬೇಕೆಂಬುದನ್ನು ಸಂಪುಟ ದರ್ಜೆಯ ಮಂತ್ರಿ ನಿರ್ಧರಿಸುತ್ತಾರೆ. ಅವರು ಕಳಿಸದಿದ್ದರೆ ಕಾರು, ಬಂಗಲೆ, ಸದನದಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳ ಉತ್ತರ, ಊರಲ್ಲಿ ಸನ್ಮಾನ. ತಮಗೆ ಕೆಲಸವೇ ಕೊಡುತ್ತಿಲ್ಲವೆಂಬ ರಾಜ್ಯ ಸಚಿವರ ಅಳಲು ಪ್ರಧಾನಿಗಳ ಬಾಗಿಲು ತಟ್ಟಿದ್ದು ಒಂದೆರಡು ಸಲವಲ್ಲ.

ತೀರ್ಮಾನ ಆಗುವುದೆಲ್ಲಿ?

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿ ಸಹಿ ಹಾಕಿದಾಗ ಸಂಪುಟಕ್ಕೆ ವಿಷಯವೇ ಗೊತ್ತಿರಲಿಲ್ಲ. ಮಂತ್ರಿಗಳನ್ನು ಕರೆದು ಹೇಳಿದ್ದು ಮರುದಿನ ಬೆಳಗ್ಗೆ. ಕೇಂದ್ರ ಸರ್ಕಾರದ ಕಾರ್ಯನಿರ್ವಹಣೆಗೆ 1961ರಲ್ಲಿ ಮಾಡಿದ ನಿಯಮಗಳಲ್ಲಿ 12ನೆಯದು, ಅಗತ್ಯವೆನಿಸಿದರೆ ಪ್ರಧಾನಿ ನಿಯಮ ಮೀರಲು ಅನುಮತಿಸಬಹುದು ಎನ್ನುತ್ತದೆ. ಅದನ್ನೇ ಇಂದಿರಾ ಗಾಂಧಿ ಆಧಾರವಾಗಿಟ್ಟುಕೊಂಡರು. ಈ ಪೆಟ್ಟು ತಿಂದ ಮೇಲೆ, 1978ರ 44ನೇ ತಿದ್ದುಪಡಿಯಲ್ಲಿ, ಸಂಪುಟದ ಲಿಖಿತ ತೀರ್ಮಾನವಿಲ್ಲದೆ ತುರ್ತುಪರಿಸ್ಥಿತಿ ಘೋಷಿಸುವಂತಿಲ್ಲ ಎಂದು ಸಂಸತ್ತು ಬರೆಯಿತು. ಅದುವರೆಗೆ ಮಂತ್ರಿಮಂಡಲದ ಮಾತಷ್ಟೇ ಆಡಿದ್ದ ಸಂವಿಧಾನದೊಳಗೆ ಸಂಪುಟವೆಂಬ ಚಿಕ್ಕ ಮಂಡಳಿ ಕಾಲಿಟ್ಟದ್ದು ಹೀಗೆ, ಕೈಮೀರಿದ ಅನುಭವದ ನಂತರ. 12ನೇ ನಿಯಮ ಮಾತ್ರ ಜೀವಂತವಾಗಿದೆ. 2019ರ ನವೆಂಬರ್ 23ರ ನಸುಕಿನಲ್ಲಿ ಮಹಾರಾಷ್ಟ್ರದ ರಾಷ್ಟ್ರಪತಿ ಆಳ್ವಿಕೆ ತೆರವಾದದ್ದು ಸಂಪುಟ ಸಭೆಯಿಲ್ಲದೆ, ಅದೇ ನಿಯಮದ ಬಲದಿಂದ.

ದಿನನಿತ್ಯದ ಆಡಳಿತದಲ್ಲಿ ಅಧಿಕಾರ ಸಂಪುಟ ಸಮಿತಿಗಳಲ್ಲಿದೆ. ಭದ್ರತಾ ಸಮಿತಿಯಲ್ಲಿ ಪ್ರಧಾನಿ, ಗೃಹ, ರಕ್ಷಣೆ, ಹಣಕಾಸು, ವಿದೇಶಾಂಗ ಸಚಿವರು, ಒಟ್ಟು ಐವರು. ಹಿರಿಯ ಅಧಿಕಾರಿಗಳ ನೇಮಕಾತಿ ಸಮಿತಿಯಲ್ಲಿ ಪ್ರಧಾನಿ ಮತ್ತು ಗೃಹ ಸಚಿವರು ಇಬ್ಬರೇ. ಸೇನೆಯ ದೊಡ್ಡ ಖರೀದಿಯಿಂದ ಕಾರ್ಯದರ್ಶಿಗಳ ನೇಮಕದವರೆಗಿನ ತೀರ್ಮಾನಗಳು ಈ ಬೆರಳೆಣಿಕೆಯ ಮಂದಿಯಿಂದ ಹೊರಡುತ್ತವೆ.

ಮೈತ್ರಿ ಕಾಲದಲ್ಲಿ ತೀರ್ಮಾನ ಇನ್ನೂ ಹೊರಕ್ಕೆ ಹೋಗಿತ್ತು. 1996ರ ಸಂಯುಕ್ತ ರಂಗ ಸರ್ಕಾರದಲ್ಲಿ ಸಂಪುಟಕ್ಕಿಂತ ಮೇಲೊಂದು ಚಾಲನಾ ಸಮಿತಿ ಇತ್ತು. ಮಂತ್ರಿಮಂಡಲ ಸೇರಲು ಒಪ್ಪದ ಸಿಪಿಎಂ ಅದರಲ್ಲಿ ಕೂತಿತ್ತು. ವಾಜಪೇಯಿ ಕಾಲದ ಎನ್‌ಡಿಎಗೆ ಜಾರ್ಜ್ ಫರ್ನಾಂಡಿಸ್ ಸಂಚಾಲಕರಾಗಿದ್ದರು. ಯುಪಿಎಗೆ ಎಡಪಕ್ಷಗಳೊಂದಿಗೆ ಸಮನ್ವಯ ಸಮಿತಿ, ಸೋನಿಯಾ ಗಾಂಧಿ ಅಧ್ಯಕ್ಷತೆಯ ರಾಷ್ಟ್ರೀಯ ಸಲಹಾ ಮಂಡಳಿ, ಜೊತೆಗೆ ಲೆಕ್ಕವಿಲ್ಲದಷ್ಟು ಸಚಿವರ ಗುಂಪುಗಳು. 2014ರ ಮೇ 31ರಂದು ಮೋದಿ ಸರ್ಕಾರ ಅಂಥ 21 ಗುಂಪುಗಳನ್ನೂ 9 ಉನ್ನತಾಧಿಕಾರ ಗುಂಪುಗಳನ್ನೂ ಒಂದೇ ಏಟಿಗೆ ರದ್ದು ಮಾಡಿತು. ಕಡತಗಳು ವರ್ಷಗಟ್ಟಲೆ ಸುತ್ತುವುದು ನಿಂತಿತು. ಆದರೆ ಆ ಗುಂಪುಗಳಲ್ಲಿ ನಡೆಯುತ್ತಿದ್ದ ಹಗ್ಗಜಗ್ಗಾಟ ಸಂಪುಟ ಸಭೆಗೆ ಮರಳಲಿಲ್ಲ, ಪ್ರಧಾನಿ ಕಾರ್ಯಾಲಯದ ಕಡೆಗೆ ಸರಿಯಿತು. ಲಾಲ್ ಬಹದ್ದೂರ್ ಶಾಸ್ತ್ರಿ 1964ರಲ್ಲಿ ಎಲ್.ಕೆ. ಝಾ ಅವರನ್ನು ಕಾರ್ಯದರ್ಶಿಯಾಗಿಸಿಕೊಂಡು ಬಲಪಡಿಸಿದ ಆ ಕಚೇರಿ ಇಂದಿರಾ ಕಾಲದಲ್ಲಿ ಬೆಳೆದು, ಮೈತ್ರಿಗಳ ಕಾಲದಲ್ಲಿ ಕುಗ್ಗಿ, ಬಹುಮತ ಬಂದಾಗ ಮತ್ತೆ ಹಿಗ್ಗಿದೆ.

ಬಲವಾದ ಪ್ರಧಾನಿ ಬೇಕು, ಮೂವತ್ತು ಮಂದಿ ಕೂತು ದೇಶ ನಡೆಸಲಾಗದು ಎಂಬ ವಾದ ಸುಳ್ಳಲ್ಲ. ತುರ್ತಿನ ವಿಷಯಕ್ಕೆ ಚಿಕ್ಕ ಸಮಿತಿಯೇ ಸರಿ. ಆದರೆ ತೀರ್ಮಾನದಲ್ಲಿ ಪಾಲಿಲ್ಲದವರು ತೀರ್ಮಾನದ ಹೊಣೆಯನ್ನು ಮಾತ್ರ ಹೊರಬೇಕು ಎಂದಾಗ 75ನೇ ವಿಧಿಯ ಸಾಮೂಹಿಕ ಹೊಣೆಗಾರಿಕೆಯಲ್ಲಿ ಉಳಿಯುವುದು ಬರೀ ಶಿಸ್ತು. ಅಂಬೇಡ್ಕರ್ ಹೇಳಿದ ದಾಖಲಾತಿ ಕಚೇರಿಗೆ ಕಾರಣ ಆಗ ಸಮಿತಿಗಳು. ಈಗ ಸಮಿತಿಗಳಿಗೂ ಮೊದಲೇ ಕೆಲಸ ಮುಗಿದಿರುತ್ತದೆ ಎಂಬ ದೂರಿದೆ.

ಕರ್ನಾಟಕದ ಎಣಿಕೆ

ನಮ್ಮ ಪತ್ರಿಕೆಗಳು, ಚಾನೆಲ್‌ಗಳು ಪಟ್ಟಿ ಬಂದ ಕೂಡಲೇ ಕೇಳುವುದು ರಾಜ್ಯಕ್ಕೆಷ್ಟು ಎಂದು. 1996ರಲ್ಲಿ ಈ ಪ್ರಶ್ನೆಗೆ ಸಿಕ್ಕಷ್ಟು ದೊಡ್ಡ ಉತ್ತರ ಮತ್ತೆಂದೂ ಸಿಕ್ಕಿಲ್ಲ. ಜನತಾದಳ ಗೆದ್ದ 46 ಸ್ಥಾನಗಳಲ್ಲಿ 16 ಕರ್ನಾಟಕದವು. ವಿ.ಪಿ. ಸಿಂಗ್ ಒಲ್ಲೆ ಎಂದರು, ಜ್ಯೋತಿ ಬಸು ಅವರನ್ನು ಕಳಿಸಲು ಅವರ ಪಕ್ಷ ಒಪ್ಪಲಿಲ್ಲ. ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ದೇವೇಗೌಡರು ಜೂನ್ 1ರಂದು ಪ್ರಧಾನಿಯಾದರು. ಹದಿಮೂರು ಪಕ್ಷಗಳ ಆ ಸಂಪುಟದಲ್ಲಿ ಸಿಪಿಐನ ಇಂದ್ರಜಿತ್ ಗುಪ್ತ ಗೃಹ ಸಚಿವರು, ತಮಿಳು ಮಾನಿಲ ಕಾಂಗ್ರೆಸ್ಸಿನ ಪಿ. ಚಿದಂಬರಂ ಹಣಕಾಸು ಸಚಿವರು, ಬೊಮ್ಮಾಯಿ ಮಾನವ ಸಂಪನ್ಮೂಲ ಸಚಿವರು. ಹೊರಗಿಂದ ಬೆಂಬಲಿಸಿದ್ದ ಕಾಂಗ್ರೆಸ್ ಕೈಕೊಟ್ಟಾಗ 1997ರ ಏಪ್ರಿಲ್‌ನಲ್ಲಿ ಸರ್ಕಾರ ಬಿತ್ತು.

ಖಾತೆಯಿಂದ ಊರಿಗೆ ಏನು ಸಿಗುತ್ತದೆ ಎಂದು ನೋಡಲು ರೈಲ್ವೆ ಒಳ್ಳೆಯ ಉದಾಹರಣೆ. ಸಿ.ಎಂ. ಪೂಣಚ್ಚ, ಕೆಂಗಲ್ ಹನುಮಂತಯ್ಯ, ಟಿ.ಎ. ಪೈ, ಸಿ.ಕೆ. ಜಾಫರ್ ಷರೀಫ್, ಮಲ್ಲಿಕಾರ್ಜುನ ಖರ್ಗೆ, ಡಿ.ವಿ. ಸದಾನಂದ ಗೌಡ ಈ ಖಾತೆ ನೋಡಿದ ಕನ್ನಡಿಗರು. ಷರೀಫ್ ಕಾಲದಲ್ಲಿ ದೇಶವಿಡೀ ಮೀಟರ್ ಗೇಜನ್ನು ಬ್ರಾಡ್ ಗೇಜಿಗೆ ಬದಲಿಸುವ ಯೋಜನೆ ಶುರುವಾಗಿ ನಮ್ಮ ಹಳೆಯ ಮೀಟರ್ ಗೇಜ್ ಹಾದಿಗಳಿಗೂ ಅದರ ಲಾಭ ಸಿಕ್ಕಿತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1990ರಲ್ಲಿ ಕೊಂಕಣ ರೈಲ್ವೆ ನಿಗಮಕ್ಕೆ ಚಾಲನೆ ಕೊಟ್ಟಾಗ ಅವರು ಬಿಹಾರದ ಸಂಸದರು. ರಾಜ್ಯದ ಕೋಟಾದಲ್ಲಿ ಎಣಿಸದ ಮಂತ್ರಿಯಿಂದಲೇ ಕರಾವಳಿಗೆ ರೈಲು ಬಂತು. 2017ರಿಂದ ರೈಲ್ವೆಗೆ ಪ್ರತ್ಯೇಕ ಬಜೆಟ್ಟೂ ಇಲ್ಲದ್ದರಿಂದ ಆ ಖಾತೆಯ ಹಳೆಯ ತೂಕ ಉಳಿದಿಲ್ಲ.

ದೊಡ್ಡ ಮೊತ್ತದ ಮಾತು ಬಂದಾಗ ಎಣಿಕೆ ಇನ್ನೂ ನೆರವಿಗೆ ಬಾರದು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದೊಳಗೆ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಕರ್ನಾಟಕದಿಂದ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್ ಆಗ ಹಣಕಾಸು ಸಚಿವರು. ರಾಜ್ಯದ ಬೇರೆ ಮಂತ್ರಿಗಳೂ ಇದ್ದರು. ಆದರೆ ಪಾಲನ್ನು ಶಿಫಾರಸು ಮಾಡುವುದು 280ನೇ ವಿಧಿಯ ಸ್ವತಂತ್ರ ಆಯೋಗ. ಅದರ ಸೂತ್ರದಲ್ಲಿ ತಲಾ ಆದಾಯ ಹೆಚ್ಚಿರುವ ರಾಜ್ಯಕ್ಕೆ ಕಡಿಮೆ ಅಂಕ. 2024ರ ಮಂತ್ರಿಮಂಡಲದಲ್ಲಿ ಎಚ್.ಡಿ. ಕುಮಾರಸ್ವಾಮಿಯವರಿಗೆ ಬೃಹತ್ ಕೈಗಾರಿಕೆ ಮತ್ತು ಉಕ್ಕು, ಪ್ರಲ್ಹಾದ ಜೋಶಿಯವರಿಗೆ ಆಹಾರ ಮತ್ತು ನವೀಕರಿಸಬಹುದಾದ ಇಂಧನ ಸಿಕ್ಕಿತು. ಶೋಭಾ ಕರಂದ್ಲಾಜೆ, ವಿ. ಸೋಮಣ್ಣ ರಾಜ್ಯ ಸಚಿವರಾದರು. ಇವರು ಎಷ್ಟು ಮಂದಿ ಎನ್ನುವುದಕ್ಕಿಂತ ಯಾವ ಸಂಪುಟ ಸಮಿತಿಯಲ್ಲಿ ಯಾರಿದ್ದಾರೆ, ರಾಜ್ಯ ಸಚಿವರಿಗೆ ಯಾವ ಕಡತಗಳ ಹೊಣೆ ಹಂಚಿಕೆಯಾಗಿದೆ ಎಂದು ಕೇಳಿದರೆ ರಾಜ್ಯದ ಹಿತಕ್ಕೆ ಹತ್ತಿರದ ಉತ್ತರ ಸಿಗುತ್ತದೆ.

ತಿದ್ದಲು ಸಾಧ್ಯವಿರುವುದು

ಸಂವಿಧಾನ ಬದಲಿಸದೆಯೇ ಮಾಡಬಹುದಾದ ಕೆಲಸಗಳಿವೆ. ಜರ್ಮನಿಯಲ್ಲಿ ಮೈತ್ರಿ ಪಕ್ಷಗಳು ಸರ್ಕಾರ ರಚಿಸುವ ಮುನ್ನ ಒಪ್ಪಂದವನ್ನು ಬರೆದು ಪ್ರಕಟಿಸುತ್ತವೆ. 2013 ಮತ್ತು 2018ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಅದನ್ನು ತನ್ನ ಸದಸ್ಯರ ಮತಕ್ಕೂ ಹಾಕಿತು. ನಮ್ಮಲ್ಲಿ 1996ರಲ್ಲಿ, 2004ರಲ್ಲಿ ಕನಿಷ್ಠ ಸಾಮಾನ್ಯ ಕಾರ್ಯಕ್ರಮಗಳು ಬಂದಿದ್ದವು. ಆ ಪದ್ಧತಿಯನ್ನು ಖಾತೆ ಹಂಚಿಕೆಗಿಂತ ಮೊದಲು ಬರುವಂತೆ ಮಾಡಿದರೆ, ಮಿತ್ರಪಕ್ಷ ಯಾವ ನೀತಿಗಾಗಿ ಸರ್ಕಾರ ಸೇರಿತೆಂದು ಮತದಾರನಿಗೆ ಗೊತ್ತಾಗುತ್ತದೆ. ರಾಜ್ಯ ಸಚಿವರ ಕೆಲಸವನ್ನು ಮೇಲಿನ ಮಂತ್ರಿಯ ಮನಸ್ಸಿಗೆ ಬಿಡದೆ ಲಿಖಿತ ಆದೇಶದಿಂದ ಹಂಚಿ ಪ್ರಕಟಿಸಬೇಕು. ಹಂಚಲು ಕೆಲಸವಿಲ್ಲದಿದ್ದರೆ ಆ ಹುದ್ದೆಯೇ ಬೇಡ, ಆಗ ವೆಂಕಟಾಚಲಯ್ಯ ಆಯೋಗದ ಶೇ 10 ತಾನಾಗಿ ಹತ್ತಿರವಾಗುತ್ತದೆ. 12ನೇ ನಿಯಮವನ್ನು ಬಳಸಿದ ಪ್ರತಿ ಸಲವೂ ಕಾರಣಗಳನ್ನು ಸಂಸತ್ತಿನ ಮುಂದಿಡುವುದು ಕಡ್ಡಾಯವಾಗಬೇಕು.

ಇವುಗಳಲ್ಲಿ ಯಾವುದೂ ಪ್ರಧಾನಿಯ ಆಯ್ಕೆಯ ಅಧಿಕಾರವನ್ನು ಕಸಿಯುವುದಿಲ್ಲ. ಅಂಬೇಡ್ಕರ್ 1948ರಲ್ಲಿ ಹೇಳಿದ್ದು ಇಂದಿಗೂ ಸರಿ: ಮಂತ್ರಿಗಳನ್ನು ಬೇರೆ ಬೇರೆ ಬಾಗಿಲುಗಳಿಂದ ಕಳಿಸಿದರೆ ಸಂಪುಟ ಒಂದಾಗಿ ನಿಲ್ಲುವುದಿಲ್ಲ, ಮೈತ್ರಿ ಸರ್ಕಾರಗಳ ಕಾಲ ಅದನ್ನು ತೋರಿಸಿಕೊಟ್ಟಿದೆ. 1951ರಲ್ಲಿ ಅವರು ಹೇಳಿದ್ದೂ ಅಷ್ಟೇ ಸರಿ. ಒಬ್ಬರೇ ಆರಿಸಬಹುದು, ಒಬ್ಬರೇ ತೀರ್ಮಾನಿಸಿದರೆ ಅದನ್ನು ಸಂಪುಟ ಸರ್ಕಾರ ಎನ್ನಲಾಗದು. ಮೊದಲನೆಯ ಮಾತನ್ನು ಸಂವಿಧಾನದಲ್ಲಿ ಬರೆದುಕೊಂಡೆವು. ಎರಡನೆಯದು ಒಬ್ಬ ಮಂತ್ರಿಯ ರಾಜೀನಾಮೆ ಹೇಳಿಕೆಯಲ್ಲೇ ಉಳಿದಿದೆ. ಅದನ್ನು ನಿಯಮವಾಗಿಸಲು ಸಂಸತ್ತಿಗೆ ಅಧಿಕಾರವಿದೆ. ಹೊಸ ಮಂತ್ರಿಗಳ ಹೆಸರು ಎಣಿಸಿ ಸುಮ್ಮನಾಗುವ ನಾವು ಸಂಸದರನ್ನು ಆ ನಿಯಮದ ಬಗ್ಗೆ ಕೇಳಲು ಇನ್ನೂ ಶುರು ಮಾಡಿಲ್ಲ.